ನೊರೆ ನಿಲ್ಲುವ ತನಕ

ಆ ದವಾಖಾನೆಯಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಶಹಾಬಾದಿಗೂ ವಾಡಿಗೂ ನಡುವೆ ಫರಸಿ ಕಲ್ಲಿನ ವ್ಯಾಪಾರಿಗಳು ಚಂದಾ ಎತ್ತಿ ಕಟ್ಟಿಸಿದ ಹೆರಿಗೆ ಆಸ್ಪತ್ರೆ ಅದು. ನೆಲ, ಗೋಡೆ, ಮಾಡು, ಕೂಡುವ ಕಟ್ಟೆ ಎಲ್ಲವೂ ಫರಸಿ. ಬೇಸಿಗೆಯಲ್ಲಿ ಮಧ್ಯಾಹ್ನ ಹೀರಿದ ಬಿಸಿಯನ್ನು ಆ ಕಲ್ಲು ಸಂಜೆಯವರೆಗೂ ನಮ್ಮ ಮುಖಕ್ಕೇ ಹೊಡೆಯುತ್ತಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದೆರಡು ವರ್ಷವಾಗಿದ್ದರೂ ಬಾಗಿಲ ಮೇಲಿನ ಬೋರ್ಡಿನಲ್ಲಿ ಇನ್ನೂ ಮೈಸೂರು ರಾಜ್ಯವೆಂದೇ ಇತ್ತು. ಅದನ್ನು ಬದಲಿಸಿ ಎಂದದ್ದಕ್ಕೆ, ಬಂದು ಎರಡು ವರ್ಷವಾಗಿಲ್ಲ, ಈ ಡಾಕ್ಟರಬಾಯಿಗೆ ಬೋರ್ಡಿನ ಉಸಾಬರಿ ಯಾಕೆ ಎಂದು ಕಮಿಟಿಯವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಹೆರಿಗೆ ನೋಡುವ ಡಾಕ್ಟರು ನಾನೊಬ್ಬಳೇ. ಕೊಯ್ಯುವ ಕೆಲಸವಿದ್ದರೆ ಗುಲಬರ್ಗಾದಿಂದ ಪ್ರತಿ ಗುರುವಾರ ಬೆಳಗಿನ ಪ್ಯಾಸೆಂಜರಿಗೆ ಒಬ್ಬ ಸರ್ಜನ್ ಬರುತ್ತಿದ್ದರು.

ಸರ್ಜನ್ ಸಾಹೇಬರ ಕೈ ಬಹಳ ಚೆನ್ನಾಗಿತ್ತು. ಅದನ್ನು ಒಪ್ಪದೆ ಇರಲಾರೆ. ಕೊಯ್ದ ಗುರುತು ಹೊಲಿಗೆ ಮೆಷಿನ್ನಿನಲ್ಲಿ ಹಾಕಿದಂತಿರುತ್ತಿತ್ತು. ಆದರೆ ಅವರ ಪಾಲಿಗೆ ಕೂಸು ಅಂದರೆ ಹೊರಗೆ ತೆಗೆಯಬೇಕಾದ ಒಂದು ಸಾಮಾನು. ತೆಗೆದು ನನ್ನ ಕೈಗೆ ಕೊಟ್ಟರೆ ಅವರ ಕೆಲಸ ಮುಗಿಯಿತು, ಆಮೇಲೆ ಅದು ಉಸಿರಾಡುತ್ತದೋ ಇಲ್ಲವೋ ನನ್ನ ಹಣೆಬರಹ.

ಹಿಂದಿನ ಬೇಸಿಗೆಯಲ್ಲಿ ಅವರು ಹಾಗೆ ತೆಗೆದುಕೊಟ್ಟ ಒಂದು ಕೂಸನ್ನು ನಾನು ಮರೆತಿರಲಿಲ್ಲ. ನೋವು ಬರುವ ಮೊದಲೇ, ತಮ್ಮ ಗುರುವಾರಕ್ಕೆ ಹೊಂದಿಸಿ ತೆಗೆದದ್ದು. ಹುಟ್ಟಿದಾಗ ಅತ್ತಿತು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಉಸಿರು ಬಿಡುವಾಗಲೆಲ್ಲ ಮುಲುಗತೊಡಗಿತು, ಭಾರ ಎತ್ತುವ ಹಮಾಲ ಮುಲುಗುವಂತೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ತುಟಿ ನೀಲಿಯಾಗುತ್ತಿತ್ತು. ಆಕ್ಸಿಜನ್ ಸಿಲಿಂಡರ್ ಇತ್ತು, ಅದರ ತಿರುಪು ತೆರೆಯುವ ಪಾನಾ ಇರಲಿಲ್ಲ. ಪಾನಾ ತರಿಸುವುದರೊಳಗೆ ಅರ್ಧ ದಿನ ಹೋಯಿತು. ಮರುದಿನ ಸಂಜೆ ಕೂಸು ದಣಿದು ಬಿಟ್ಟಿತು. ಹೌದು, ದಣಿದೇ ಸತ್ತಿತು. ಮುಂದಿನ ಗುರುವಾರ ಹೇಳಿದಾಗ ಸರ್ಜನ್ ಸಾಹೇಬರು "ಅದರ ನಸೀಬ ಬಾಯಾರೆ, ನಾವೇನ ಮಾಡ್ಲಿಕ್ಕ ಆಗ್ತದ" ಎಂದು ಕೈ ತೊಳೆದುಕೊಂಡರು. ಆ ದಿನದಿಂದ ಅವರ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಅದಕ್ಕೇ ನಾನು ಒಂದು ಪರೀಕ್ಷೆ ಕಲಿತೆ. ಕೂಸಿನ ಶ್ವಾಸಕೋಶದಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗೂಡುಗಳಿರುತ್ತವೆ. ತಿಂಗಳು ತುಂಬುತ್ತ ಬಂದಂತೆ ಅವುಗಳ ಒಳಮೈಗೆ ಒಂದು ಬಗೆಯ ಜಿಡ್ಡು ಸವರಿಕೊಳ್ಳುತ್ತದೆ. ಜಿಡ್ಡಿದ್ದರೆ ಉಸಿರು ಬಿಟ್ಟ ಮೇಲೂ ಗೂಡು ತೆರೆದಿರುತ್ತದೆ. ಇಲ್ಲದಿದ್ದರೆ ಒದ್ದೆ ಅರಿವೆಯಂತೆ ಮೆತ್ತಿಕೊಳ್ಳುತ್ತದೆ, ಪ್ರತಿ ಉಸಿರಿಗೂ ಕೂಸು ಅದನ್ನು ಹೊಸದಾಗಿ ಬಿಡಿಸಬೇಕು. ಈ ಜಿಡ್ಡು ಗರ್ಭದ ನೀರಿಗೂ ಇಳಿಯುತ್ತದೆ. ಆ ನೀರನ್ನು ಸೂಜಿಯಿಂದ ಎಳೆದು, ಸಮ ಸ್ಪಿರಿಟ್ ಬೆರೆಸಿ, ಗಾಜಿನ ಟ್ಯೂಬಿನಲ್ಲಿ ಜೋರಾಗಿ ಕುಲುಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಸಾಮಾನ್ಯ ನೊರೆ ಸ್ಪಿರಿಟ್ಟಿನಲ್ಲಿ ಕ್ಷಣದಲ್ಲಿ ಸಾಯುತ್ತದೆ. ಜಿಡ್ಡಿನ ನೊರೆ ಮಾತ್ರ ಕಾಲು ಗಂಟೆಯಾದರೂ ಟ್ಯೂಬಿನ ಅಂಚಿಗೆ ಬಳೆಯಂತೆ ಕೂತಿರುತ್ತದೆ. ಇನ್ನೊಂದು ಟ್ಯೂಬಿನಲ್ಲಿ ಅದೇ ನೀರಿಗೆ ಸಲೈನ್ ಹಾಕಿ ತೆಳು ಮಾಡಿ ಕುಲುಕಬೇಕು. ಅದರಲ್ಲೂ ಬಳೆ ನಿಂತರೆ ಕೂಸು ಹೊರಗೆ ಬರಲು ತಯಾರಾಗಿದೆ ಎಂದರ್ಥ.

ಇದರಲ್ಲಿ ದೊಡ್ಡ ಯಂತ್ರವಿಲ್ಲ, ಕರೆಂಟು ಬೇಕಿಲ್ಲ. ಬೇಕಾದದ್ದು ಒಳ್ಳೆಯ ಸ್ಪಿರಿಟ್ಟು ಮತ್ತು ಸ್ವಚ್ಛ ಗಾಜು. ಹಾಗಂತ ನಾನು ತಿಳಿದಿದ್ದೆ.

ಆ ಕೂಸು ಸತ್ತ ಮರುವರ್ಷದ ಬೇಸಿಗೆಯಲ್ಲಿ ಒಬ್ಬ ಹುಡುಗಿಯನ್ನು ಅವಳ ಅತ್ತೆ ಕರೆದುಕೊಂಡು ಬಂದಳು. ಖಣಿಗಳಿದ್ದ ದೊಡ್ಡ ಮುಸಲ್ಮಾನ ಮನೆತನ. ಹುಡುಗಿಯ ಗಂಡ ಕಲ್ಲಿನ ಲೋಡಿನ ಸಂಗಡ ಮುಂಬಯಿಗೆ ಹೋದವನು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದ. ಮನೆಯ ಕಾರಭಾರವೆಲ್ಲ ಅವನ ಅಣ್ಣನದು. ಆ ಅಣ್ಣ ನಮ್ಮ ಕಮಿಟಿಯ ಮೆಂಬರು ಬೇರೆ. ಹುಡುಗಿಯ ಮೊದಲ ಹೆರಿಗೆಯಲ್ಲಿ ಹಳ್ಳಿಯಲ್ಲಿ ನೋವು ತಿಂದು ತಿಂದು ಕೊನೆಗೆ ಗುಲಬರ್ಗಾಕ್ಕೆ ಒಯ್ದು ಹೊಟ್ಟೆ ಕೊಯ್ದಿದ್ದರು. ಕೂಸು ಸತ್ತೇ ಹುಟ್ಟಿತ್ತು. ಮುಂದಿನ ಸಲ ನೋವು ಬರಗೊಡಬೇಡಿ, ಹಳೆಯ ಗಾಯ ಹರಿಯುತ್ತದೆ, ಮೊದಲೇ ತೆಗೆಸಿರಿ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತನ್ನು ಅತ್ತೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

"ಮುಟ್ಟು ನಿಂತು ಎಷ್ಟಾಯ್ತಮ್ಮ?" ಎಂದು ನಾನು ಹುಡುಗಿಯನ್ನು ಕೇಳಿದರೆ ಉತ್ತರ ಅತ್ತೆಯಿಂದ ಬಂತು.

"ಅಕಿಗೇನ ಕೇಳ್ತೀರಿ, ನನಗ ಕೇಳ್ರಿ. ರಮಜಾನಿನಾಗ ಒಂದ ರೋಜಾ ಬಿಟ್ಟಿಲ್ಲ ನನ್ನ ಸೊಸಿ. ಪೂರಾ ತಿಂಗಳ ಹಿಡದಾಳ. ಇನ್ನ ಲೆಕ್ಕ ನೀವೇ ಹಾಕ್ಕೋರಿ."

ಈ ಲೆಕ್ಕದ ಮೇಲೆ ನನಗೆ ಬಹಳ ನಂಬಿಕೆಯಿತ್ತು. ಮುಟ್ಟಾದ ಹೆಂಗಸಿಗೆ ರೋಜಾ ಇಲ್ಲ. ಬಿಟ್ಟ ಉಪವಾಸವನ್ನು ರಮಜಾನ್ ಮುಗಿದ ಮೇಲೆ ಎಣಿಸಿ ತೀರಿಸಬೇಕು. ಹಾಗಾಗಿ ಬೇರೆ ಯಾವ ತಿಂಗಳದ್ದು ಮರೆತರೂ ಆ ತಿಂಗಳದ್ದು ಯಾವ ಹೆಣ್ಣುಮಗಳೂ ಮರೆಯುವುದಿಲ್ಲ. ಒಂದೂ ಬಿಟ್ಟಿಲ್ಲವೆಂದರೆ ಆ ತಿಂಗಳು ಮುಟ್ಟಾಗಿಲ್ಲ. ಹಾಗೆ ನೋಡಿದರೆ ಒಂಬತ್ತು ಚಾಂದ್ರಮಾಸ ತುಂಬುತ್ತ ಬಂದಿತ್ತು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟರೆ ಕೂಸು ಆ ಲೆಕ್ಕಕ್ಕೆ ಸಣ್ಣದೆನಿಸುತ್ತಿತ್ತು. ಗುಲಬರ್ಗಾಕ್ಕೆ ಹೋಗಿ ಎಕ್ಸರೇ ತೆಗೆಸಿ, ಕೂಸಿನ ಮೊಣಕಾಲಿನ ಎಲುಬು ಎಷ್ಟು ಬಲಿತಿದೆ ನೋಡೋಣವೆಂದೆ. ಹೊಟ್ಟೆಯಲ್ಲಿರುವ ಕೂಸಿಗೆ ಫೋಟೋ ತೆಗೆಸುವುದಿಲ್ಲ ಎಂದು ಅತ್ತೆ ಖಡಾಖಂಡಿತ ಹೇಳಿದಳು.

ಸರ್ಜನ್ ಸಾಹೇಬರು ಒಂದು ಗುರುವಾರ ಬಂದವರು ಹುಡುಗಿಯನ್ನು ನೋಡಿ, ಮುಂದಿನ ಗುರುವಾರ ತೆಗೆಯೋಣ ಎಂದುಬಿಟ್ಟರು. ಅದಾದ ಮೇಲೆ ಅವರು ಮಗಳ ಮದುವೆಗೆ ರಜೆ ಹಾಕಿದ್ದರು, ಎರಡು ಮೂರು ವಾರ ಬರುವಂತಿರಲಿಲ್ಲ. ನಾನು ಜಗಳಕ್ಕೆ ಬಿದ್ದೆ. ಕೂಸಿನ ತಯಾರಿ ನೋಡಿ ದಿನ ಗೊತ್ತು ಮಾಡಬೇಕೇ ಹೊರತು ನಿಮ್ಮ ರಜೆ ನೋಡಿ ಅಲ್ಲ ಎಂದೆ. ಕೊನೆಗೆ ಅವರು ಕೈಯೆತ್ತಿದರು.

"ಆಯ್ತ ತಗೋರಿ. ಅವತ್ತ ಮುಂಜಾನಿ ನಿಮ್ಮ ಬುರುಗಿನ ಪರೀಕ್ಷಾ ಮಾಡ್ರಿ. ಬುರುಗು ಹೌದಂದ್ರ ನಾ ಕೊಯ್ತೀನಿ. ಆಮ್ಯಾಲ ಮತ್ತ ತಕರಾರ ತೆಗೀಬ್ಯಾಡ್ರಿ."

ನಾನು ಒಪ್ಪಿದೆ. ಎಲ್ಲರ ಎದುರಿಗೇ ಒಪ್ಪಿದೆ. ಅದೇ ಆಮೇಲೆ ಕೊರಳಿಗೆ ಬಂತು.

ಆ ಗುರುವಾರ ಬೆಳಿಗ್ಗೆ ಹುಡುಗಿಗೆ ಮೂತ್ರ ಮಾಡಿಸಿ ಮಲಗಿಸಿದೆ. ಕೂಸಿನ ಬೆನ್ನು ಯಾವ ಕಡೆಯಿದೆ, ಕೈಕಾಲು ಯಾವ ಕಡೆಯಿದೆ ಎಂದು ತಡವಿ ನೋಡಿ, ಕೈಕಾಲಿನ ಕಡೆ ನೀರಿನ ಚೀಲ ಸಿಗುವ ಜಾಗ ಹುಡುಕಿದೆ. ಸೂಜಿ ಕಂಡ ಕೂಡಲೇ ಅತ್ತೆ ಗದ್ದಲ ಎಬ್ಬಿಸಿದಳು.

"ಬಸರಿ ಹೊಟ್ಟಿಗೆ ದಬ್ಬಣ ಚುಚ್ಚತೀಯೇನ? ಯಾವ ದವಾಖಾನ್ಯಾಗ ಕಲ್ತು ಬಂದಿ ಇದನ್ನ?"

ಸಿಟ್ಟು ಬಂದರೆ ಆಕೆಯ 'ರೀ' ಮಾಯವಾಗುತ್ತಿತ್ತು. ನರ್ಸ್ ಆಕೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಹುಡುಗಿ ಮಾತ್ರ ಹಲ್ಲುಕಚ್ಚಿ, ನನ್ನ ಮುಖವನ್ನೇ ನೋಡುತ್ತ ಮಲಗಿದ್ದಳು. ನೀರು ಸರಾಗವಾಗಿ ಬಂತು. ನನಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎಳೆದುಕೊಂಡೆ.

ಕುಲುಕಿ ನಿಲ್ಲಿಸಿದರೆ ಎರಡೂ ಟ್ಯೂಬುಗಳಲ್ಲಿ ನೊರೆ. ಬಳೆಯಲ್ಲ, ಪೇಟವೇ ಸುತ್ತಿದಂತೆ ದಪ್ಪ ನೊರೆ. ಕಾಲು ಗಂಟೆ ಕಳೆದರೂ ಕದಲಲಿಲ್ಲ. ನರ್ಸ್ ಖುಷಿಯಿಂದ ಹೊರಗೆ ಓಡಿ ಹೇಳಿಯೇಬಿಟ್ಟಳು. ಹುಡುಗಿಯ ಗಂಡನ ಅಣ್ಣ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಅತ್ತೆ ದುವಾ ಮಾಡಿದಳು. ಸರ್ಜನ್ ಸಾಹೇಬರು ಬಾಗಿಲಲ್ಲಿ ಇಣುಕಿ, ಟ್ಯೂಬು ನೋಡಿ, "ಈಗಾರೆ ಸಮಾಧಾನ ಆಯ್ತೇನ್ರಿ?" ಎಂದು ಕೈ ತಿಕ್ಕಿ ತೊಳೆಯಲು ಹೋದರು.

ನನಗೆ ಸಮಾಧಾನ ಆಗಿರಲಿಲ್ಲ. ಸಿರಿಂಜಿನಲ್ಲಿ ಉಳಿದ ನೀರನ್ನು ಬೆಳಕಿಗೆ ಹಿಡಿದು ನೋಡಿದೆ. ಬಲಿತ ಕೂಸಿನ ನೀರು ತುಸು ಮಬ್ಬಾಗಿರುತ್ತದೆ, ಕೂಸಿನ ಮೈಯ ಬಿಳಿ ಲೇಪದ ಚೂರುಗಳು ಅದರಲ್ಲಿ ತೇಲುತ್ತವೆ. ಇದು ತಿಳಿಯಾಗಿತ್ತು, ಒಂದು ಚೂರೂ ಇರಲಿಲ್ಲ. ಇಷ್ಟು ತಿಳಿ ನೀರಿಗೆ ಅಷ್ಟು ದಪ್ಪ ನೊರೆ ಹೇಗೆ? ಮತ್ತೊಂದು ಟ್ಯೂಬು ತೆಗೆದುಕೊಂಡು, ಗರ್ಭದ ನೀರು ಒಂದು ಹನಿಯೂ ಹಾಕದೆ, ಬರೀ ಸಲೈನು ಸ್ಪಿರಿಟ್ಟು ಹಾಕಿ ಕುಲುಕಿದೆ.

ನೊರೆ ಬಂತು. ನಿಂತಿತು ಕೂಡ.

ಆಯಾಳನ್ನು ಕೂಗಿ ಕರೆದೆ. ಟ್ಯೂಬುಗಳನ್ನು ಹೇಗೆ ತೊಳೆಯುತ್ತೀ ಎಂದೆ. ವಯಸ್ಸಾದ ಹೆಂಗಸು, ನನ್ನ ಕೂಗಿಗೆ ಹೆದರುವವಳಲ್ಲ.

"ಅಂಟವಾಳ ನೀರಿನಾಗ ತೊಳದು, ಕಡೀಗೆ ಅದರಾಗೇ ಒಮ್ಮಿ ಅದ್ದಿ ಒಣಗಲಿಕ್ಕ ಡಬ್ಬ ಹಾಕ್ತೀನ್ರಿ."

"ಸಾಬಾಣ ಕೊಟ್ಟಿದ್ನಲ್ಲ?"

"ಈ ನೀರಿಗೆ ಸಾಬಾಣ ಬುರುಗು ಕೊಡ್ತದೇನ್ರಿ ಬಾಯಾರೆ? ಮೊಸರ ಒಡದಂಗ ಒಡೀತದ. ಬರೀ ನೀರಿನಾಗ ಅದ್ದಿಟ್ರ ಗಾಜಿನ ಮ್ಯಾಲ ಬಿಳೀ ಕಲಿ ಕುಂದರ್ತಾವ. ಅದಕ್ಕ ನೀವೇ ಬೈತಿದ್ರಿ. ನೀವ ತಲೀಗೆ ಏನ ಹಚ್ಕೋತೀರಿ, ಸಾಬಾಣೇನು?"

ಸುಣ್ಣದ ಕಲ್ಲಿನ ನೆಲ, ಸುಣ್ಣದ ನೀರು. ಆ ಸೀಮೆಯಲ್ಲಿ ಅರಿವೆ, ಪಾತ್ರೆ, ತಲೆ ಎಲ್ಲಕ್ಕೂ ಅಂಟುವಾಳಕಾಯಿಯೇ. ಬೆಳಿಗ್ಗೆ ಟ್ಯೂಬುಗಳಲ್ಲಿ ನಿಂತದ್ದು ಅದರ ನೊರೆ. ನನ್ನ ತಲೆಯೂ ಆ ದಿನ ಬೆಳಿಗ್ಗೆ ಅದರಲ್ಲೇ ಮಿಂದಿತ್ತು. ಆದರೂ ಆಯಾಳನ್ನು ಸುತ್ತಲಿನವರೆಲ್ಲ ಕೇಳುವ ಹಾಗೆ ಬೈದೆ. ಅವಳು ಟ್ರೇ ನೆಲಕ್ಕಿಟ್ಟು ನಡೆದುಬಿಟ್ಟಳು. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ನನ್ನೊಡನೆ ಒಂದು ಮಾತಾಡಲಿಲ್ಲ.

ಹೊಸ ಟ್ಯೂಬುಗಳ ಒಂದು ಕಟ್ಟು ಕಪಾಟಿನಲ್ಲಿತ್ತು. ಅವನ್ನು ಸ್ಪಿರಿಟ್ಟಿನಿಂದ ತೊಳೆದು, ಇಂಜೆಕ್ಷನ್ನಿಗಿಟ್ಟ ಶುದ್ಧ ನೀರಿನಿಂದ ಮತ್ತೆ ಮತ್ತೆ ಜಾಲಿಸಿ, ಮೊದಲು ಬರೀ ಸಲೈನು ಸ್ಪಿರಿಟ್ಟು ಕುಲುಕಿದೆ. ನೊರೆ ಇಲ್ಲ. ಆಮೇಲೆ ಉಳಿದ ಗರ್ಭದ ನೀರು ಹಾಕಿದೆ. ಕುಲುಕುವಾಗ ಎದ್ದ ಗುಳ್ಳೆಗಳು ಸ್ಟ್ಯಾಂಡಿಗೆ ಇಡುವಷ್ಟರಲ್ಲಿ ಒಡೆಯತೊಡಗಿದವು. ತೆಳು ಮಾಡದ ಟ್ಯೂಬಿನಲ್ಲೂ ಒಂದು ಗುಳ್ಳೆ ಉಳಿಯಲಿಲ್ಲ.

ನೇರ ಹುಡುಗಿಯ ಹತ್ತಿರ ಹೋದೆ. ಅವಳನ್ನು ಆಗಲೇ ಹಸಿರು ಅರಿವೆ ಹೊದಿಸಿ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಕೋಣೆಯಲ್ಲಿ ನಾವಿಬ್ಬರೇ. ನೋಡಮ್ಮ, ನಿಮ್ಮ ಅತ್ತೆ ಹೇಳುವ ಲೆಕ್ಕಕ್ಕೂ ನಿನ್ನ ಹೊಟ್ಟೆಗೂ ತಾಳೆಯಾಗುತ್ತಿಲ್ಲ, ಈಗ ಕೂಸು ತೆಗೆದರೆ ಅದು ಉಸಿರಿಗೆ ಒದ್ದಾಡುತ್ತದೆ, ನಿಜ ಹೇಳು ಎಂದೆ. ಅವಳು ಮುಖ ಗೋಡೆಗೆ ತಿರುಗಿಸಿದಳು. ಗೋಡೆಗೆ ಹೇಳುವಂತೆ ಹೇಳಿದಳು.

"ರೋಜಾ ಬಿಟ್ಟೀನ್ರಿ. ಕಡೀ ಐದು."

ಆ ರಮಜಾನಿನಲ್ಲಿ ಮುಟ್ಟು ಕೆಲವು ದಿನ ತಡವಾಗಿತ್ತಂತೆ. ಅತ್ತೆ ಅಷ್ಟಕ್ಕೇ ಹಿಗ್ಗಿ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದಳು. ಮೊದಲ ಕೂಸು ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲಂತೆ. ಹಬ್ಬಕ್ಕೆ ಕೆಲವೇ ದಿನವಿರುವಾಗ ಹುಡುಗಿ ಮುಟ್ಟಾದಳು. ಹೇಳಲು ಬಾಯಿ ಬರಲಿಲ್ಲ. ಬೆಳಗಿನ ಜಾವ ಎಲ್ಲರ ಜೊತೆ ಊಟಕ್ಕೆ ಕೂತಳು, ಸಂಜೆ ಎಲ್ಲರ ಜೊತೆ ಉಪವಾಸ ಮುಗಿಸಿದಳು, ನಡುವೆ ಬಚ್ಚಲಿನಲ್ಲಿ ನೀರು ಕುಡಿದಳು. ಮುಂದಿನ ತಿಂಗಳು ದೇವರು ನಿಜಕ್ಕೂ ಕಣ್ಣು ತೆರೆದ. ಸುಳ್ಳು ಮಾತ್ರ ಹಾಗೆಯೇ ಉಳಿಯಿತು.

"ಅಲ್ಲಾಹನ ಮುಂದ ಸುಳ್ಳ ಮಾಡೀನ್ರಿ. ಅದಕ್ಕ ನನ್ನ ಕೂಸಿಗೆ ಉಸಿರ ಸಿಗೋದಿಲ್ಲೇನ್ರಿ?"

"ಹುಚ್ಚಿ, ಉಸಿರಿಗೂ ರೋಜಾಕ್ಕೂ ಏನ ಸಂಬಂಧ? ಒಂದು ತಿಂಗಳ ಒಳಗಿದ್ರ ಸಿಗ್ತದ. ಇವತ್ತ ತೆಗೆದ್ರ ಸಿಗೋದು ಕಷ್ಟ ಅದ."

"ಅತ್ತೀಗೆ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ತಿಳಿಯಿತು, ನನ್ನ ಕೈಯಲ್ಲಿದ್ದ ಗಟ್ಟಿ ಆಧಾರವನ್ನು ನಾನೇ ಹೂತುಬಿಟ್ಟಿದ್ದೆ. ಉಳಿದದ್ದು ಬೆಳಿಗ್ಗೆ ಹೌದೆಂದು ಈಗ ಅಲ್ಲವೆನ್ನುವ ಪರೀಕ್ಷೆಯೊಂದೇ. ಅದನ್ನು ಹಿಡಿದುಕೊಂಡು ಹೊರಗಿನವರನ್ನೆಲ್ಲ ಎದುರಿಸಬೇಕಿತ್ತು. ಎದುರಿಸುವ ಮೊದಲು ಥಿಯೇಟರಿನ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸರ್ಜನ್ ಸಾಹೇಬರು ಒದ್ದೆ ಕೈಗಳನ್ನು ಮೇಲೆತ್ತಿಕೊಂಡೇ ಬಂದರು. ಟ್ಯೂಬಿನ ಕಥೆ ಕೇಳಿ ನಗಲಿಲ್ಲ, ಕೂಗಲೂ ಇಲ್ಲ.

"ಮುಂಜಾನಿ ಹೌದಂತು, ಈಗ ಅಲ್ಲಂತದ. ಗಿಣಿಶಾಸ್ತ್ರದವ ಇದಕ್ಕಿಂತ ನೆಟ್ಟಗ ಹೇಳ್ತಾನ್ರಿ. ಬಾಗಲ ತೆಗೀರಿ."

"ತೆಗಿಯೋದಿಲ್ಲ ಸರ್."

"ನಾ ರಜಾದಾಗ ಇದ್ದಾಗ ಬ್ಯಾನಿ ಸುರು ಆಗಿ ಹಳೀ ಗಾಯ ಹರದ್ರ? ತಾಯಿನೂ ಹೋಗ್ತಾಳ, ಕೂಸೂ ಹೋಗ್ತದ. ನೆನಪದ ಏನು?"

ಅದು ನೆನಪಿತ್ತು. ಅದು ನಿಜವಾದ ಅಪಾಯ. ಇಲ್ಲೇ ಇಟ್ಟುಕೊಂಡು ದಿನಾಲು ಗಾಯ ಮುಟ್ಟಿ ನೋಡುತ್ತೇನೆ, ನೋವು ಕಾಣಿಸಿದ ಕೂಡಲೇ ಗುಲಬರ್ಗಾಕ್ಕೆ ಒಯ್ಯುತ್ತೇನೆ ಎಂದೆ. ಕೀಲಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ.

ಅಣ್ಣ ಕಟ್ಟೆಯಿಂದ ಎದ್ದು ಬಂದ. "ಈ ಬಿಲ್ಡಿಂಗಿನ ಒಂದೊಂದ ಫರಸಿ ನಮ್ಮ ಖಣೀದು ಡಾಕ್ಟರಬಾಯಿ. ನಮ್ಮ ಮನೀ ಹೆಣ್ಣಮಗಳಿಗೇ ನೀವ ಬಾಗಲ ಹಾಕ್ತೀರೇನು?"

"ಬಾಗಲ ಹಾಕಿದ್ದು ಅಕಿಗಲ್ಲ, ನಿಮಗ. ನಿಮ್ಮ ಲೆಕ್ಕದಾಗ ಒಂದ ತಿಂಗಳ ತಪ್ಪದ. ಕೂಸು ಬಲಿತಿಲ್ಲ."

"ಯಾರ ಲೆಕ್ಕ ತಪ್ಪದ?" ಅತ್ತೆ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. "ರೋಜಾದ ಲೆಕ್ಕ ತಪ್ಪತದೇನ? ಮದುವಿ ಆಗಿಲ್ಲ, ಮಕ್ಕಳ ಹಡದಿಲ್ಲ, ನನಗ ಲೆಕ್ಕ ಕಲಸ್ಲಿಕ್ಕ ಬಂದಾಳ! ನಿನ್ನ ಡಾಕ್ಟರಕಿಗೆ ಬೆಂಕಿ ಹತ್ತಲಿ. ಮೊದಲನೇದನ್ನ ಕಾದು ಕಾದು ಮಣ್ಣಿಗಿಟ್ಟು ಬಂದೀವಿ. ಇದನ್ನೂ ಇಡಸ್ತಿಯೇನ?"

ನಾನೂ ಸುಮ್ಮನಿರಲಿಲ್ಲ. ಇವತ್ತು ತೆಗೆಸಿದರೆ ಕೂಸು ಹೇಗೆ ಮುಲುಗುತ್ತದೆ ಗೊತ್ತೇನು ಎಂದು, ಹಿಂದಿನ ಬೇಸಿಗೆಯ ಕೂಸಿನ ಮುಲುಗನ್ನು ಅಲ್ಲೇ ಬಾಯಿಯಿಂದ ಮಾಡಿ ತೋರಿಸಿದೆ. ಪಕ್ಕೆ ಹೇಗೆ ಒಳಗೆ ಹೋಗುತ್ತದೆಂದು ನನ್ನ ಪಕ್ಕೆಯನ್ನೇ ಹಿಂಡಿ ತೋರಿಸಿದೆ. ಅದು ಕ್ರೂರವಾಗಿತ್ತು, ಇರಲಿ. ಆಕೆ ಕಿವಿ ಮುಚ್ಚಿಕೊಂಡಳು. ಆಮೇಲೆ ಮತ್ತೆ ಶುರುವಾಯಿತು.

ಸರ್ಜನ್ ಸಾಹೇಬರು ಮಧ್ಯಾಹ್ನದ ಗಾಡಿಗೆ ಹೊರಟುಹೋದರು. ಅಣ್ಣ ಸೊಲ್ಲಾಪುರಕ್ಕೆ ಒಯ್ಯುತ್ತೇನೆ, ಅಲ್ಲಿ ದೊಡ್ಡ ಡಾಕ್ಟರು ಸಂಜೆಯೊಳಗೆ ತೆಗೆಯುತ್ತಾರೆ ಎಂದು ಜೀಪು ತರಿಸಿದ. ನಾನು ತಡೆಯುವಂತಿರಲಿಲ್ಲ. ಥಿಯೇಟರಿಗೆ ಬೀಗ ಹಾಕಬಹುದು, ರಸ್ತೆಗೆ ಹಾಕಲಾದೀತೇ? ಹುಡುಗಿಯನ್ನು ಎಬ್ಬಿಸಿ ಬುರ್ಖಾ ತೊಡಿಸಿದರು. ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಹೇಳಬೇಡವೆನ್ನುವುದೂ ಇತ್ತು, ಉಳಿಸು ಎನ್ನುವುದೂ ಇತ್ತು. ನಾನು ಬಾಯಿ ತೆರೆಯುವವಳಿದ್ದೆ. ಮಾತು ಹಾಳಾಗಿ ಹೋಗಲಿ, ಕೂಸು ಉಳಿಯಲಿ ಎಂದು ಮನಸ್ಸು ಮಾಡಿ ಜೀಪಿನ ಕಡೆ ನಡೆದೆ.

ಅತ್ತೆ ಅಷ್ಟೊತ್ತು ವರಾಂಡದ ಮೂಲೆಯಲ್ಲಿ ನಮಾಜಿಗೆ ಕೂತಿದ್ದಳು. ಎದ್ದು ಬಂದವಳು ಚಾಪೆ ಮಡಚುತ್ತ, ಹಿರಿಮಗನಿಗೆ ಹೇಳಿದಳು.

"ಜೀಪ್ ತಿರಗಸು. ಎಲ್ಲಿಗೂ ಒಯ್ಯೂದು ಬ್ಯಾಡ."

"ಅಮ್ಮೀ, ಈ ಬಾಯಿ ಮಾತ..."

"ಈ ಹಾಳಾದಾಕಿ ಮಾತ ಯಾರ ಕೇಳ್ತಾರ? ಈ ಬಿಸಲಾಗ ಸೊಲ್ಲಾಪುರತನಕ ಜೀಪಿನಾಗ ಕುಣಸಿದ್ರ ಹಾದ್ಯಾಗೇ ಹಡೀತಾಳ. ಇಲ್ಲೇ ಇರ್ಲಿ. ನಾನೂ ಇಲ್ಲೇ ಇರ್ತೀನಿ, ಇಕಿ ಏನ ಮಾಡ್ತಾಳ ನೋಡ್ತೀನಿ."

ಹೀಗೆ ಅವರಿಬ್ಬರೂ ಉಳಿದರು. ಅದಾದ ಮೇಲಿನ ದಿನಗಳಷ್ಟು ಕೆಟ್ಟ ದಿನಗಳನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ. ಅತ್ತೆ ವಾರ್ಡಿನ ಬಾಗಿಲಲ್ಲಿ ಜಪದ ಸರ, ತಸ್ಬಿ, ಹಿಡಿದು ಕೂತುಬಿಟ್ಟಳು. ನಾನು ಒಳಗೆ ಹೋಗುವಾಗ ಒಂದು ಬೈಗುಳ, ಹೊರಗೆ ಬರುವಾಗ ಒಂದು. ಬೇರೆ ಹೆಂಗಸರ ಮನೆಯವರು ಅದನ್ನು ಕೇಳಲೆಂದೇ ಸುತ್ತ ಕೂಡುತ್ತಿದ್ದರು. ನಾನು ತಿರುಗಿ ಅನ್ನುತ್ತಿದ್ದೆ. ನಿಮ್ಮ ತಸ್ಬಿಯಲ್ಲಿ ಮಣಿ ಹೆಚ್ಚಿವೆಯೋ ಬೈಗುಳ ಹೆಚ್ಚಿವೆಯೋ ಎಂದು ಒಮ್ಮೆ ಕೇಳಿದ್ದಕ್ಕೆ, ಆಕೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಕಮಿಟಿಯಿಂದ ದಿನಾಲು ಗುಮಾಸ್ತ ಬಂದು, ಏನೂ ಕೇಳದೆ, ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ.

ಬೆಳಿಗ್ಗೆ ಸಂಜೆ ಹುಡುಗಿಯ ಹೊಟ್ಟೆಯ ಕೆಳಗೆ ಹಳೆಯ ಗಾಯದ ಉದ್ದಕ್ಕೂ ಬೆರಳು ಒತ್ತಿ ನೋಡುತ್ತಿದ್ದೆ. ನಾಡಿ ಎಣಿಸುತ್ತಿದ್ದೆ, ಹೊಟ್ಟೆಯ ಮೇಲೆ ಕೊಂಬಿನಾಕಾರದ ಕೊಳವೆ ಇಟ್ಟು ಕೂಸಿನ ಎದೆ ಬಡಿತ ಕೇಳುತ್ತಿದ್ದೆ. ಒಂದು ದಿನ ಮಧ್ಯಾಹ್ನ ಅವಳು ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ಗಾಯದ ಹತ್ತಿರವೇ ನೋವು. ಜೀಪಿಗೆ ಆಳು ಕಳಿಸಿ, ಡ್ರಿಪ್ ಹಾಕಿ, ಪಕ್ಕದಲ್ಲೇ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಹೊಟ್ಟೆ ಗಟ್ಟಿಯಾಗುತ್ತಿರಲಿಲ್ಲ, ಬಡಿತವೂ ಸರಿಯಿತ್ತು. ಮೂತ್ರ ಕಾಯಿಸಿ ನೋಡಿದರೆ ಕೀವಿನ ಲಕ್ಷಣ. ಉರಿಮೂತ್ರದ ಬಾಧೆ ಅದು. ಔಷಧಿ ಕೊಟ್ಟು ಜೀಪು ವಾಪಸ್ಸು ಕಳಿಸಿದೆ. ಅಂದು ಮಾತ್ರ ಅತ್ತೆ ಬೈಯಲಿಲ್ಲ. ಹುಡುಗಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಏನೋ ಓದಿ ಓದಿ ಅವಳ ಮೇಲೆ ಊದುತ್ತಿದ್ದಳು. ಸಂಜೆ ಪರೀಕ್ಷಿಸಲು ಬಗ್ಗಿದಾಗ ಹೊದಿಕೆಯನ್ನು ಆಕೆಯೇ ಸರಿಸಿಕೊಟ್ಟಳು.

ಮೂರು ವಾರ ಕಳೆದ ಮೇಲೆ ಮತ್ತೊಮ್ಮೆ ನೀರು ತೆಗೆದೆ. ಈ ಸಲ ನೀರು ಮಬ್ಬಾಗಿತ್ತು, ಬಿಳಿ ಚೂರುಗಳು ತೇಲುತ್ತಿದ್ದವು. ಮೊದಲು ಬರೀ ಸಲೈನಿನ ಟ್ಯೂಬು ಕುಲುಕಿದೆ, ಸತ್ತ ನೀರು. ಆಮೇಲೆ ಉಳಿದ ಎರಡು. ನೊರೆ ಎದ್ದಿತು, ಅರ್ಧ ಇಳಿಯಿತು, ಅಂಚಿನಲ್ಲಿ ಸಣ್ಣ ಗುಳ್ಳೆಗಳ ತೆಳ್ಳನೆಯ ಬಳೆಯೊಂದು ಉಳಿಯಿತು. ಎರಡರಲ್ಲೂ ಉಳಿಯಿತು. ಕಾಲು ಗಂಟೆ ನಾನು ಆ ಟ್ಯೂಬಿನ ಮುಂದಿನಿಂದ ಏಳಲಿಲ್ಲ. ನನಗೆ ಅಳು ಬಂತು, ನರ್ಸಿಗೆ ಬೇರೆ ಏನೋ ನೆಪ ಹೇಳಿದೆ.

ಸರ್ಜನ್ ಸಾಹೇಬರು ಮಗಳ ಮದುವೆ ಮುಗಿಸಿ, ಆ ಗುರುವಾರ ಬಂದರು. ಅಣ್ಣ ಹೇಳಿಕಳಿಸಿದ್ದ, ಬರದೆ ವಿಧಿಯಿರಲಿಲ್ಲ. ನನ್ನೊಡನೆ ಮಾತಿಲ್ಲ. ಬೆನ್ನಿಗೆ ಮದ್ದು ಕೊಟ್ಟು, ಹಳೆಯ ಗುರುತಿನ ಮೇಲೆಯೇ ಕೊಯ್ದು, ಬಹಳ ಹೊತ್ತು ಹಿಡಿಯದೆ ಕೂಸನ್ನು ಎತ್ತಿದರು. ಗಂಡು ಕೂಸು. ನನ್ನ ಕೈಗೆ ಬಂದಾಗ ಜಾರುತ್ತಿತ್ತು, ಸುಮ್ಮನಿತ್ತು. ಬಾಯಿಯ ಲೋಳೆ ಎಳೆದು, ಬೆನ್ನು ತಿಕ್ಕಿದೆ. ಮುಖ ಸಿಂಡರಿಸಿತು, ಆಮೇಲೆ ಆ ಫರಸಿ ಗೋಡೆಗಳೆಲ್ಲ ಮೊಳಗುವಂತೆ ಅತ್ತಿತು. ಅಳು ನಿಂತ ಮೇಲೆ ನಾನು ಬೆತ್ತಲೆ ಎದೆಯನ್ನೇ ನೋಡುತ್ತ ಕಾದೆ. ಮುಲುಗು ಬರಲಿಲ್ಲ. ಪಕ್ಕೆ ಒಳಗೆ ಹೋಗಲಿಲ್ಲ. ತುಟಿ ಕೆಂಪಗಿತ್ತು. ಸುಮ್ಮನೆ, ತನ್ನ ಪಾಡಿಗೆ ತಾನು ಉಸಿರಾಡಿತು.

ಸರ್ಜನ್ ಸಾಹೇಬರು ಹೊಲಿಗೆ ಮುಗಿಸಿ ಕೂಸಿನ ಕಡೆ ಒಮ್ಮೆ ನೋಡಿದರು.

"ಇಷ್ಟ ಗಟ್ಟಿ ಕೂಸು. ಅವತ್ತೇ ತೆಗೀಬಹುದಿತ್ತು."

ಕಮಿಟಿಯವರೂ ಅದನ್ನೇ ಅಂದರು. ನಾನು ಬರೀ ಹಟಕ್ಕೆ ಒಬ್ಬ ಬಸುರಿಯನ್ನು ಒಂದು ತಿಂಗಳು ಸಾವಿನ ಬಾಯಲ್ಲಿ ಕೂರಿಸಿದೆನಂತೆ, ಕೂಸು ಹೇಗೂ ಬದುಕುವುದಿತ್ತಂತೆ. ನಾನು ಏನು ತೋರಿಸಲಿ? ಕೂಸು ಸತ್ತಿದ್ದರೆ ಯಾರದು ತಪ್ಪೆಂದು ಹುಡುಕುತ್ತಿದ್ದರು. ಬದುಕಿದ ಕೂಸಿಗೆ ಕಾರಣ ಯಾರಿಗೂ ಬೇಕಿರಲಿಲ್ಲ. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಅಣ್ಣನೇ ಬಂದು ಹೇಳಿದ. ಐದು ರೋಜಾದ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು.

ನಾನು ಕೆಲಸ ಹುಡುಕಿಕೊಂಡು ಸೇಡಮ್ಮಿಗೆ ಹೊರಡುವ ದಿನ ಟ್ರಂಕು ಕಟ್ಟಿಸಿ ವರಾಂಡದಲ್ಲಿಟ್ಟು ಟಾಂಗಾ ಕಾಯುತ್ತಿದ್ದೆ. ಬಿಸಿಲಿನಲ್ಲಿ ಛತ್ರಿ ಹಿಡಿದು ಅತ್ತೆ ಒಬ್ಬಳೇ ಬಂದು ಪಕ್ಕದ ಕಟ್ಟೆಯ ಮೇಲೆ ಕೂತಳು.

"ಇನ್ನೂ ಬೈಯೋದು ಬಾಕಿ ಅದ ಏನ್ರಿ?" ಎಂದೆ.

"ಅದ. ಆಮ್ಯಾಲ ಬೈತೀನಿ." ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅವತ್ತ ಒಂದ ತಿಂಗಳ ತಪ್ಪದ ಅಂದಿ ನೋಡು. ನಮಾಜಿಗೆ ಕುಂತ್ರ ನಮಾಜಿನಾಗ ಮನಸ ನಿಲ್ಲವಲ್ದು. ಒಂದ ತಿಂಗಳ ಹೆಂಗ ತಪ್ಪತದ? ತಪ್ಪಲಿಕ್ಕ ಒಂದೇ ಹಾದಿ ಅದ. ನಾನೂ ಸೊಸಿ ಆಗಿ ಬಂದಾಕೀನೇ. ತಿಳೀತು."

ನಾನು ಆಕೆಯ ಮುಖವನ್ನೇ ನೋಡಿದೆ. "ಅದಕ್ಕೇ ಜೀಪ್ ತಿರಗಸಿದ್ರೇನು?"

"ಮತ್ತ? ನಿನ್ನ ಬುರುಗು ನೋಡಿ ತಿರಗಸಿದೆ ಅನ್ಕೊಂಡಿಯೇನ?"

"ಗೊತ್ತಿದ್ದೂ ದಿನಾ ನನಗ ಬೈದ್ರಲ್ಲ, ಮಂದಿ ಎದುರಿಗೆ!"

"ಬೈಲಿಲ್ಲಂದ್ರ, ಮುದುಕಿ ಯಾಕ ತಣ್ಣಗಾದ್ಳು ಅಂತ ನನ್ನ ಮಗಾ ಕೇಳ್ತಿದ್ದ. ಹುಡುಗಿ ಮಾನ ಹೋಗ್ತಿತ್ತು. ನಿಂದೇನದ, ಬ್ಯಾರೆ ಊರಿಗೆ ಹೋದ್ರ ಬ್ಯಾರೆ ನೌಕರಿ ಸಿಗ್ತದ. ಅಕಿಗೆ ಬ್ಯಾರೆ ಮನಿ ಎಲ್ಲದ?"

ನನ್ನ ನೌಕರಿಯನ್ನು ಆಕೆ ಇಷ್ಟು ಸಲೀಸಾಗಿ ಖರ್ಚು ಮಾಡಿದ್ದಳು. ಅಲ್ಲೇ ಜಗಳವಾಡಬೇಕೆನಿಸಿತು. ಆಡಲಿಲ್ಲ. ನಿಮಗೆ ಗೊತ್ತೆಂದು ಅವಳಿಗೆ ಗೊತ್ತೇ ಎಂದು ಕೇಳಿದೆ.

"ಯಾಕ ಗೊತ್ತಾಗಬೇಕು? ಕೂಸು ಹಾಲ ಬಿಡ್ಲಿ. ಹರಕಿ ಅದ ಅಂತ ನೆಪ ಹೇಳಿ ನಾನೇ ರೋಜಾ ಹಿಡೀತೀನಿ. ಬಾ, ನನ್ನ ಜೋಡಿ ನೀನೂ ಹಿಡಿ ಅಂತೀನಿ. ಬಾಯಿ ಬಿಡದಂಗ ಅಕೀ ಬಾಕಿ ತೀರ್ತದ." ನನ್ನ ಕಡೆ ಸರಿದು ಕೂತಳು. "ಅದಕ್ಕೇ ಬಂದೀನಿ. ಎಷ್ಟ ಬಿಟ್ಟಾಳ, ಹೇಳು. ನಿನಗ ಹೇಳಿರ್ತಾಳ."

ಟಾಂಗಾ ಗೇಟಿಗೆ ಬಂದು ನಿಂತಿತ್ತು. ಗುಮಾಸ್ತ ಬಾಗಿಲಲ್ಲಿ ನಿಂತು ನಮ್ಮ ಕಡೆಯೇ ನೋಡುತ್ತಿದ್ದ. ಯಾರಿಗೂ ಹೇಳುವುದಿಲ್ಲವೆಂದು ಕೊಟ್ಟ ಮಾತು ಈಕೆಗೂ ಸೇರುತ್ತದೆಯೇ ಎಂದು ಯೋಚಿಸಿದೆ. ಈಕೆಗೆ ಹೇಳಬಾರದೆಂದೇ ಕೊಟ್ಟದ್ದು ಅದು. ನಾನು ಬಾಯಿ ಬಿಡಲಿಲ್ಲ.

ಆಕೆ ಮೊಣಕಾಲಿಗೆ ಕೈಯೂರಿ ಎದ್ದಳು.

"ಬ್ಯಾಡ, ಹೇಳಬ್ಯಾಡ. ಏಳು ಹಿಡೀತೀನಿ. ಏಳಕ್ಕಿಂತ ಹೆಚ್ಚ ಬಿಟ್ಟಿರೋದಿಲ್ಲ ಅಕಿ."

ಛತ್ರಿ ಬಿಚ್ಚಿ ಮೆಟ್ಟಿಲಿಳಿದಳು. ಗೇಟಿನ ಹತ್ತಿರ ಹೋಗಿ ತಿರುಗಿ ನಿಂತು, ಗುಮಾಸ್ತನಿಗೆ ಕೇಳುವಷ್ಟು ಜೋರಾಗಿ ನನ್ನನ್ನು ಇನ್ನೊಮ್ಮೆ ಬೈದು ಮನೆಗೆ ಹೋದಳು.